1987ರ ಪದ್ಮಿನಿಯ ರೆಕ್ಸಿನ್ ಸೀಟು ಬೇಸಿಗೆ ಬಂದರೆ ಅಂಟಂಟಾಗುತ್ತದೆ: ಏನು ಹಚ್ಚಬೇಕು, ಏನು ಹಚ್ಚಬಾರದು?

ದುರ್ಗದ ಪದ್ಮಿನಿ (ಚಿತ್ರದುರ್ಗ)
ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು 1987ರಲ್ಲಿ ಕೊಂಡ ಪ್ರೀಮಿಯರ್ ಪದ್ಮಿನಿ ಇಂದಿಗೂ ನಮ್ಮ ಮನೆಯಲ್ಲೇ ಇದೆ. ಎಂಜಿನ್ನು, ಹ್ಯಾಂಡ್ ಗೇರು, ಬ್ರೇಕು ಯಾವುದರ ಬಗ್ಗೆಯೂ ನನ್ನ ದೂರಿಲ್ಲ. ತೊಂದರೆ ಇರುವುದು ಕೂರುವ ಜಾಗದಲ್ಲಿ. ಕಂದು ಬಣ್ಣದ ರೆಕ್ಸಿನ್ ಸೀಟು, ನಾಲ್ಕು ಬಾಗಿಲಿನ ಪ್ಯಾಡುಗಳು ಮತ್ತು ಎರಡು ಸನ್‌ವೈಸರ್‌ಗಳು ಮಾರ್ಚ್ ತಿಂಗಳು ಬಂತೆಂದರೆ ಬೆಲ್ಲದ ಪಾಕ ಸವರಿದಂತೆ ಜಿಗುಟಾಗುತ್ತವೆ. ಕಳೆದ ಭಾನುವಾರ ಹೊಳಲ್ಕೆರೆಯಲ್ಲಿ ಮದುವೆಯಿತ್ತು. ಕಾರಿನಿಂದ ಇಳಿಯುವಾಗ ನೋಡಿದರೆ ನಮ್ಮ ಅತ್ತೆಯವರ ರೇಷ್ಮೆ ಸೀರೆಯ ಹಿಂಬದಿಯಲ್ಲಿ ಸೀಟಿನ ಗೆರೆಗಳೆಲ್ಲ ಕಂದಾಗಿ ಮೂಡಿದ್ದವು. ಅವರು ಏನೂ ಅನ್ನಲಿಲ್ಲ, ಆದರೆ ವಾಪಸು ಬರುವಾಗ ಬಸ್ಸಿನಲ್ಲಿ ಬಂದರು.

ಇದುವರೆಗೆ ನಾನು ಮೊದಲು ಸೋಪಿನ ಪುಡಿ ಕದಡಿದ ನೀರಿನಲ್ಲಿ ತೊಳೆದೆ, ಆಮೇಲೆ ಕೊಬ್ಬರಿ ಎಣ್ಣೆ ಹಚ್ಚಿದೆ, ಕೊನೆಗೆ ಅಂಗಡಿಯವರು ಕೊಟ್ಟ ಹೊಳಪಿನ ಪಾಲಿಶ್ ಬಳಿದೆ. ಪ್ರತಿ ಸಲವೂ ಎರಡು ದಿನ ಚೆನ್ನಾಗಿ ಕಾಣುತ್ತದೆ, ಮೂರನೆಯ ದಿನ ಮೊದಲಿಗಿಂತ ಹೆಚ್ಚು ಅಂಟುತ್ತದೆ. ಸೀಟಿನ ಹೊದಿಕೆಯನ್ನೇ ಬದಲಿಸಿಬಿಡಿ ಎಂದು ಹೇಳುವವರಿದ್ದಾರೆ. ಆದರೆ ಆ ನಮೂನೆಯ ಗೆರೆಯ ರೆಕ್ಸಿನ್ ಈಗ ಎಲ್ಲೂ ಸಿಗುತ್ತಿಲ್ಲ, ಮೇಲಾಗಿ ಅದು ತಂದೆಯವರು ಕುಳಿತಿದ್ದ ಸೀಟು. ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಮಂಡಿಪೇಟೆ ಮಾರ್ಕ್ ಫೋರ್ (ದಾವಣಗೆರೆ)
ಕೊಬ್ಬರಿ ಎಣ್ಣೆ ತಲೆಗೆ ಹಚ್ಚುವ ವಸ್ತು, ಸೀಟಿಗಲ್ಲ. ನಿಮ್ಮ ಪ್ರಶ್ನೆಯೊಳಗೇ ಅರ್ಧ ಉತ್ತರ ಇದೆ.

ಪಿ.ಬಿ. ರಸ್ತೆಯ ಸವಾರ
ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ಕಾಟನ್ ವೇಸ್ಟಿಗೆ ಸ್ವಲ್ಪ ಪೆಟ್ರೋಲ್ ಹಾಕಿ ಒಮ್ಮೆ ಒರೆಸಿರಿ, ಜಿಗುಟೆಲ್ಲ ಕ್ಷಣದಲ್ಲಿ ಬಿಟ್ಟುಬರುತ್ತದೆ. ಅಂಬಾಸಿಡರ್ ಟ್ಯಾಕ್ಸಿಗಳ ಕಾಲದಲ್ಲಿ ನಮ್ಮ ಸ್ಟ್ಯಾಂಡಿನಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಿದ್ದರು.

ಕುಶನ್ ಕೆಲಸದವ (ದಾವಣಗೆರೆ)
ಸವಾರ ಅಣ್ಣನವರೇ, ನಿಮ್ಮ ಸ್ಟ್ಯಾಂಡಿನ ಕಾರುಗಳು ಆಮೇಲೆ ಬಂದು ನಿಲ್ಲುತ್ತಿದ್ದದ್ದು ನಮ್ಮಂಥವರ ಅಂಗಡಿಯ ಮುಂದೆ. 26 ವರ್ಷದಿಂದ ಕುಶನ್ ಕೆಲಸ ಮಾಡುತ್ತಿದ್ದೇನೆ. ಪೆಟ್ರೋಲ್, ಸೀಮೆಎಣ್ಣೆ, ಥಿನ್ನರ್ ಹಾಕಿ ಒರೆಸಿದ ಸೀಟನ್ನು ಮುಟ್ಟಿದ ಕೂಡಲೇ ಗುರುತಿಸಬಲ್ಲೆ. ಮೊದಲು ಮೆತ್ತಗೆ, ಸ್ವಚ್ಛವಾಗಿ ಕಾಣುತ್ತದೆ. ಕೆಲವು ತಿಂಗಳಲ್ಲಿ ಹೊಲಿಗೆಯ ಪಕ್ಕದಲ್ಲಿ ಬಿರುಸಾಗಿ, ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು ಬಿಡುತ್ತದೆ. ಥಿನ್ನರ್ ಅಂತೂ ರೆಕ್ಸಿನ್ನಿನ ಮೇಲ್ಪದರವನ್ನೇ ಕರಗಿಸಿ, ಮೇಲಿನ ಗೆರೆಯನ್ನು ಬಟ್ಟೆಗೆ ಎತ್ತಿಕೊಂಡು ಬರುತ್ತದೆ. ಮುಚ್ಚಿದ ಕಾರಿನೊಳಗೆ ಪೆಟ್ರೋಲ್ ಆವಿ ತುಂಬಿಸಿಕೊಂಡು ಕೆಲಸ ಮಾಡುವ ಅಪಾಯ ಬೇರೆ.

ಪಿ.ಬಿ. ರಸ್ತೆಯ ಸವಾರ
ನಮ್ಮ ಕಾರಿನ ಸೀಟು ಹತ್ತು ವರ್ಷ ಬಾಳಿಕೆ ಬಂದಿತ್ತು ಎಂಬುದನ್ನು ಮಾತ್ರ ದಾಖಲಿಸುತ್ತೇನೆ.

ಕುಶನ್ ಕೆಲಸದವ
ಆ ಹತ್ತು ವರ್ಷವೂ ಅದರ ಮೇಲೆ ಟವೆಲ್ ಹೊದಿಸಿರಲಿಲ್ಲವೇ, ಹೇಳಿ.

ಪಿ.ಬಿ. ರಸ್ತೆಯ ಸವಾರ
ಹೊದಿಸಿದ್ದೆವು.

ರಸಾಯನದ ಮೇಷ್ಟ್ರು (ಚಿತ್ರದುರ್ಗ)
ಏನು ಹಚ್ಚಬೇಕೆಂದು ಕೇಳುವ ಮೊದಲು ಅಂಟುತ್ತಿರುವ ವಸ್ತು ಯಾವುದೆಂದು ಕೇಳಿಕೊಂಡರೆ ಈ ಚರ್ಚೆ ಸುಲಭವಾಗುತ್ತದೆ. ನಾವು ರೆಕ್ಸಿನ್ ಎಂದು ಕರೆಯುವುದು ಬಟ್ಟೆಯ ಮೇಲೆ ಪಿವಿಸಿ ಪದರವನ್ನು ಕೂರಿಸಿದ ಹೊದಿಕೆ. (ರೆಕ್ಸಿನ್ ಎಂಬುದು ಇಂಗ್ಲೆಂಡಿನ ಒಂದು ಕಂಪನಿಯ ಸರಕಿನ ಹೆಸರು. ಆ ಮೂಲ ಸರಕಿನಲ್ಲಿ ಪಿವಿಸಿಯೇ ಇರಲಿಲ್ಲ, ಬಟ್ಟೆಗೆ ನೈಟ್ರೋಸೆಲ್ಯುಲೋಸ್ ಬಳಿದು ಅದನ್ನು ಮಾಡುತ್ತಿದ್ದರು. ಹೆಸರು ಮಾತ್ರ ನಮ್ಮ ನಾಲಿಗೆಯ ಮೇಲೆ ಉಳಿದುಕೊಂಡಿತು.) ಪಿವಿಸಿ ತನ್ನಷ್ಟಕ್ಕೆ ನೀರಿನ ಪೈಪಿನಂತೆ ಗಟ್ಟಿಯಾದದ್ದು. ಅದಕ್ಕೆ ಎಣ್ಣೆಯಂಥ ಮೃದುಕಾರಕವನ್ನು ಬೆರೆಸಿದರೆ ಬಾಗುತ್ತದೆ, ಮಡಚಿಕೊಳ್ಳುತ್ತದೆ. 1926ರಲ್ಲಿ ಅಮೆರಿಕದ ಬಿ.ಎಫ್. ಗುಡ್‌ರಿಚ್ ಕಂಪನಿಯಲ್ಲಿದ್ದ ವಾಲ್ಡೋ ಸೆಮನ್ ಎಂಬ ರಸಾಯನತಜ್ಞರು ಈ ಉಪಾಯವನ್ನು ಕಂಡುಕೊಂಡರು. ಮೆತ್ತನೆಯ ರೆಕ್ಸಿನ್ನಿನ ತೂಕದಲ್ಲಿ ಸುಮಾರು ಮೂರನೇ ಒಂದು ಭಾಗ ಈ ಎಣ್ಣೆಯೇ ಇರಬಹುದು.

ಮುಖ್ಯವಾದ ಸಂಗತಿ ಏನೆಂದರೆ, ಈ ಎಣ್ಣೆಯು ಪಿವಿಸಿಯೊಂದಿಗೆ ರಾಸಾಯನಿಕವಾಗಿ ಬೆಸೆದುಕೊಂಡಿರುವುದಿಲ್ಲ. ನೆನೆಹಾಕಿದ ಕಡಲೆಯೊಳಗೆ ನೀರಿರುವಂತೆ ಒಳಗೆ ತಂಗಿರುತ್ತದೆ, ಅಷ್ಟೆ. ಬಿಸಿ ಹೆಚ್ಚಾದಂತೆ ಮೆಲ್ಲಗೆ ಮೇಲ್ಮೈಗೆ ಬರುತ್ತದೆ. ಬಂದದ್ದರಲ್ಲಿ ಒಂದಿಷ್ಟು ಆವಿಯಾಗಿ ಹೋಗುತ್ತದೆ, ಉಳಿದದ್ದು ಧೂಳನ್ನು ಹಿಡಿದುಕೊಂಡು ಜಿಗುಟಾಗುತ್ತದೆ. ಮುಂದಿನ ಗಾಜಿನ ಒಳಮೈಯಲ್ಲಿ ಎಷ್ಟು ಒರೆಸಿದರೂ ಮತ್ತೆ ಮತ್ತೆ ಕಟ್ಟುವ ಎಣ್ಣೆಮಬ್ಬನ್ನು ನೀವೆಲ್ಲ ನೋಡಿರುತ್ತೀರಿ. ಅದರಲ್ಲಿ ದೊಡ್ಡ ಪಾಲು, ಹೀಗೆ ಆವಿಯಾದ ಮೃದುಕಾರಕ ತಣ್ಣನೆಯ ಗಾಜಿನ ಮೇಲೆ ಕುಳಿತದ್ದು.

ಇನ್ನು ಬಿಸಿಯ ಲೆಕ್ಕ. ಹೊರಗೆ 38 ಡಿಗ್ರಿ ಇರುವಾಗ ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗಿನ ಗಾಳಿ ಒಂದು ಗಂಟೆಯೊಳಗೆ 55 ಡಿಗ್ರಿಯನ್ನು ದಾಟಬಲ್ಲದು. ನೇರ ಬಿಸಿಲು ಬೀಳುವ ಡ್ಯಾಶ್‌ಬೋರ್ಡು 70 ಡಿಗ್ರಿಗೂ ಮೇಲೆ ಹೋಗುತ್ತದೆ. ಹಾಗಾಗಿ ಗಾಜಿಗೆ ತೀರ ಹತ್ತಿರವಿರುವ ಸನ್‌ವೈಸರ್ ಎಲ್ಲಕ್ಕಿಂತ ಮೊದಲು ಅಳುತ್ತದೆ.

ಮಂಡಿಪೇಟೆ ಮಾರ್ಕ್ ಫೋರ್
ಮೇಷ್ಟ್ರೇ, ಕಡಲೆಯ ಉಪಮೆ ಚೆನ್ನಾಗಿದೆ. ಒಣಗಿದ ಕಡಲೆಯನ್ನು ಮತ್ತೆ ನೆನೆಹಾಕಬಹುದಲ್ಲ? ಹೊರಗೆ ಹೋದ ಎಣ್ಣೆಯನ್ನು ವಾಪಸು ಒಳಗೆ ಹಾಕಲು ಬರುವುದಿಲ್ಲವೇ? ಪಿವಿಸಿ ಕಾರ್ಖಾನೆಯವರು ಬಳಸುವ ಡಿಒಪಿ ಎಣ್ಣೆ ಡಬ್ಬಿಯಲ್ಲಿ ಸಿಗುತ್ತದೆ ಎಂದು ಕೇಳಿದ್ದೇನೆ.

ರಸಾಯನದ ಮೇಷ್ಟ್ರು
ಸಿಗುತ್ತದೆ, ಆದರೆ ಹಾಗೆ ಮಾಡಬೇಡಿ. ಕಾರ್ಖಾನೆಯಲ್ಲಿ ಅದನ್ನು ಪಿವಿಸಿ ಪುಡಿಯೊಂದಿಗೆ ಕಲಸಿ, 150 ಡಿಗ್ರಿಗೂ ಹೆಚ್ಚು ಬಿಸಿ ಮಾಡಿದಾಗ ಎರಡೂ ಒಂದಾಗುತ್ತವೆ. ತಣ್ಣಗಿರುವ ಹಳೆಯ ಸೀಟಿನ ಮೇಲೆ ಬಳಿದರೆ ಬಹುಪಾಲು ಮೇಲೆಯೇ ನಿಂತು ಈಗಿರುವ ಜಿಗುಟಿಗೆ ಇನ್ನಷ್ಟು ಸೇರಿಸುತ್ತದೆ. ಅಲ್ಲದೆ ಡಿಒಪಿ ಚರ್ಮಕ್ಕೆ ತಾಗುತ್ತಿರಬೇಕಾದ ವಸ್ತುವಲ್ಲ. ಮಕ್ಕಳ ಆಟಿಕೆಗಳಲ್ಲಿ ಅದರ ಬಳಕೆಗೆ ಹಲವು ದೇಶಗಳು ಮಿತಿ ಹಾಕಿವೆ. ಕಡಲೆಯ ಉಪಮೆಯನ್ನು ಅಷ್ಟು ದೂರ ಎಳೆದದ್ದು ನನ್ನ ತಪ್ಪಲ್ಲ.

ಬೆಣ್ಣೆದೋಸೆ ಪ್ರಿಯ
ಹಾಗಾದರೆ ಬಾಟಲಿಯ ಮೇಲೆ "ಕಂಡಿಷನರ್" ಎಂದು ಬರೆದು ಸಾವಿರಾರು ರೂಪಾಯಿಗೆ ಮಾರುವುದೆಲ್ಲ ಏನು? ನಾನು ನನ್ನ ಕಾಂಟೆಸ್ಸಾಕ್ಕೆ ನಾಲ್ಕು ವರ್ಷದಿಂದ ಹಚ್ಚುತ್ತಿದ್ದೇನೆ, ಸೀಟು ಇಂದಿಗೂ ಬಿರುಕು ಬಿಟ್ಟಿಲ್ಲ. ಕಣ್ಣೆದುರಿನ ಫಲವನ್ನು ಪುಸ್ತಕದ ಮಾತು ಸುಳ್ಳು ಮಾಡಲಾರದು.

ರಸಾಯನದ ಮೇಷ್ಟ್ರು
ಫಲವನ್ನು ನಾನು ಅಲ್ಲಗಳೆಯುತ್ತಿಲ್ಲ, ಕಾರಣವನ್ನು ಬೇರೆಯಾಗಿ ಹೇಳುತ್ತಿದ್ದೇನೆ. ಚರ್ಮದ ಸೀಟಿಗೆ ರಂಧ್ರಗಳಿರುತ್ತವೆ, ಎಣ್ಣೆಯನ್ನು ಅದು ಹೀರಿಕೊಳ್ಳಬಲ್ಲದು. ಕಂಡಿಷನರ್ ಎಂಬ ಮಾತು ಹುಟ್ಟಿದ್ದು ಅಲ್ಲಿ. ರೆಕ್ಸಿನ್ನಿಗೆ ಮಾರುವ ನೀರಿನ ಆಧಾರದ ಒಳ್ಳೆಯ ದ್ರಾವಣಗಳು ಮೇಲ್ಮೈಯಲ್ಲಿ ತೆಳುವಾದ ಪದರವಾಗಿ ಕುಳಿತು, ಅತಿನೇರಳೆ ಕಿರಣಗಳನ್ನು ತಕ್ಕಮಟ್ಟಿಗೆ ತಡೆದು, ಉಜ್ಜಾಟವನ್ನು ಕಡಿಮೆ ಮಾಡುತ್ತವೆ. ಅಷ್ಟು ಉಪಯೋಗ ಖಂಡಿತ ಉಂಟು. ಅವು ರೆಕ್ಸಿನ್ನಿಗೆ "ಆಹಾರ" ಕೊಡುತ್ತವೆ ಎಂಬ ಮಾತನ್ನು ಮಾತ್ರ ನಂಬಬೇಡಿ. ಅಂದಹಾಗೆ, ನಿಮ್ಮ ಕಾಂಟೆಸ್ಸಾ ಎಲ್ಲಿ ನಿಲ್ಲುತ್ತದೆ?

ಬೆಣ್ಣೆದೋಸೆ ಪ್ರಿಯ
ಮನೆಯ ಕೆಳಗಿನ ಮುಚ್ಚಿದ ಶೆಡ್ಡಿನಲ್ಲಿ. ನಿಮ್ಮ ಪ್ರಶ್ನೆಯ ಉದ್ದೇಶ ಅರ್ಥವಾಯಿತು, ಆದರೂ ಬಾಟಲಿಯನ್ನು ಬಿಡುವುದಿಲ್ಲ.

ಕುಂದವಾಡ ಕೆರೆ ಏರಿ (ದಾವಣಗೆರೆ)
ಮೃದುಕಾರಕ ಹೊರಗೆ ಬರುತ್ತದೆ ಎಂಬ ಮಾತಿಗೆ ನಮ್ಮ ಮನೆಯ ಸಾಕ್ಷಿಯೊಂದಿದೆ. ಎರಡು ವರ್ಷದ ಹಿಂದೆ ಗಣೇಶನ ಹಬ್ಬಕ್ಕೆ ಮಕ್ಕಳು ಥರ್ಮಾಕೋಲಿನಲ್ಲಿ ಮಂಟಪ ಮಾಡಿದ್ದರು. ವಿಸರ್ಜನೆಯಾದ ಮೇಲೆ ನಮ್ಮ ಯಜಮಾನರು ಅದನ್ನು ಹಳೆಯ ಅಂಬಾಸಿಡರಿನ ಹಿಂದಿನ ಸೀಟಿನ ಮೇಲಿಟ್ಟು ಮರೆತರು. ತಿಂಗಳು ಕಳೆದು ಎತ್ತಲು ಹೋದರೆ, ಥರ್ಮಾಕೋಲಿನ ಅಡಿಭಾಗ ಕರಗಿ ಸೀಟಿನ ಗೆರೆಗಳಲ್ಲಿ ಅಚ್ಚುಹೊಯ್ದಂತೆ ಕಚ್ಚಿಕೊಂಡಿತ್ತು. ಕಾರಿಗೆ ಯಾರೋ ಥಿನ್ನರ್ ಚೆಲ್ಲಿದ್ದಾರೆ ಎಂದು ಯಜಮಾನರು ಮಕ್ಕಳನ್ನು ಗದರಿದ್ದೇ ಗದರಿದ್ದು. ಇದು ರೆಕ್ಸಿನ್ನಿನದೇ ಎಣ್ಣೆಯ ಕೆಲಸವೇ, ಮೇಷ್ಟ್ರೇ?

ರಸಾಯನದ ಮೇಷ್ಟ್ರು
ಹೌದು ಮೇಡಂ. ಪಿವಿಸಿಯ ಮೃದುಕಾರಕ ಥರ್ಮಾಕೋಲಿನೊಳಗೆ ಇಳಿದು ಅದನ್ನು ಮೆತ್ತಗಾಗಿಸುತ್ತದೆ. ಇದೇ ಕಾರಣಕ್ಕೆ ಪಿವಿಸಿ ಹೊದಿಕೆಯ ವಿದ್ಯುತ್ ತಂತಿಯನ್ನು ಥರ್ಮಾಕೋಲಿಗೆ ತಾಗಿಸಿ ಎಳೆಯಬಾರದು ಎನ್ನುತ್ತಾರೆ. ಮಕ್ಕಳ ಕ್ಷಮೆ ಕೇಳುವಂತೆ ಯಜಮಾನರಿಗೆ ತಿಳಿಸಿ.

ಮಂಡಿಪೇಟೆ ಮಾರ್ಕ್ ಫೋರ್
ಸೀಟು ಕೊಳೆಯಾಗಬಾರದೆಂದು ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಕವರ್ ಹೊದಿಸುವವರೂ ಇದನ್ನು ಓದಬೇಕು. ನಮ್ಮ ಚಿಕ್ಕಪ್ಪನವರು ಷೋರೂಮಿನ ಕವರನ್ನು ಹನ್ನೆರಡು ವರ್ಷ ತೆಗೆಯಲಿಲ್ಲ. ಕೊನೆಗೆ ತೆಗೆದಾಗ ಕವರಿನ ಜೊತೆ ಸೀಟಿನ ಬಣ್ಣವೂ ಎದ್ದುಬಂತು.

ಹದಡಿ ರಸ್ತೆ ಹುಡುಗ
ನನ್ನದು ಕ್ಲಾಸಿಕ್ ಕಾರಲ್ಲ, 2006ರ ಆಮದಾದ ಕಾರು. ಅದರಲ್ಲಿ ಸೀಟು ಸರಿಯಿದೆ, ಎ.ಸಿ. ಗುಂಡಿಗಳು ಮತ್ತು ಬಾಗಿಲಿನ ಹಿಡಿಗಳು ಡಾಂಬರಿನಂತೆ ಬೆರಳಿಗೆ ಅಂಟುತ್ತವೆ. ಇದಕ್ಕೂ ಅದೇ ಮದ್ದೇ?

ರಸಾಯನದ ಮೇಷ್ಟ್ರು
ಅಲ್ಲ ತಮ್ಮಾ, ಅದು ಬೇರೆಯೇ ಕಾಯಿಲೆ. ಆ ಗುಂಡಿಗಳ ಮೇಲಿರುವುದು ಕೈಗೆ ರಬ್ಬರಿನಂತೆ ಹಿತವಾಗಿರಲೆಂದು ಬಳಿದ ಪಾಲಿಯುರೆಥೇನ್ ಲೇಪ. ಗಾಳಿಯ ತೇವದಿಂದ ಅದು ವರ್ಷಗಳ ಮೇಲೆ ಒಡೆದು ಅಂಟಾಗುತ್ತದೆ. ಅದನ್ನು ಉಳಿಸಿಕೊಳ್ಳಲು ಆಗುವುದಿಲ್ಲ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತಾಳ್ಮೆಯಿಂದ ಉಜ್ಜಿ ಪೂರ್ತಿ ತೆಗೆದುಹಾಕಬೇಕು. ಕೆಳಗಿನ ಗಟ್ಟಿ ಪ್ಲಾಸ್ಟಿಕ್ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಗುಂಡಿಯ ಮೇಲಿನ ಗುರುತುಗಳು ಅಳಿಸಿಹೋಗುವ ಸಂಭವವಿದೆ, ಆದ್ದರಿಂದ ಮೊದಲು ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಪದ್ಮಿನಿಯ ಸೀಟಿಗೆ ಈ ಮದ್ದನ್ನು ಅಷ್ಟೇ ಜೋರಾಗಿ ಹಾಕಿದರೆ ಕೆಡುತ್ತದೆ.

ಕುಶನ್ ಕೆಲಸದವ
ಈಗ ಮೂಲ ಪ್ರಶ್ನೆಗೆ ಬರೋಣ. ದುರ್ಗದ ಪದ್ಮಿನಿಯವರೇ, ನಿಮ್ಮ ಸೀಟಿನ ಮೇಲಿರುವುದರಲ್ಲಿ ಅರ್ಧಕ್ಕಿಂತ ಹೆಚ್ಚು ನೀವೇ ಹಚ್ಚಿದ ಎಣ್ಣೆ ಮತ್ತು ಪಾಲಿಶ್ ಎಂದು ನನ್ನ ಅಂದಾಜು. ಕೊಬ್ಬರಿ ಎಣ್ಣೆ ರೆಕ್ಸಿನ್ನಿನೊಳಗೆ ಇಳಿಯುವುದಿಲ್ಲ. ಮೇಲೆಯೇ ಉಳಿದು ಕಮಟು ಹಿಡಿಯುತ್ತದೆ, ಧೂಳು ಹಿಡಿಯುತ್ತದೆ. ಹೊಳಪಿನ ಪಾಲಿಶ್‌ಗಳಲ್ಲಿ ಹೆಚ್ಚಿನವು ಸಿಲಿಕೋನ್ ಎಣ್ಣೆಯವು. ಅವನ್ನು ಹಚ್ಚಿದ ರೆಕ್ಸಿನ್ನಿಗೆ ಮುಂದೆಂದಾದರೂ ಬಣ್ಣ ಹೊಡೆಸಬೇಕೆಂದರೆ ಬಣ್ಣ ಕೂರದೆ ಮೀನಿನ ಕಣ್ಣಿನಂತೆ ಗುಳಿ ಬೀಳುತ್ತದೆ. ಬೆಂಚ್ ಸೀಟಿಗೆ ಹಚ್ಚಿದರೆ ತಿರುವಿನಲ್ಲಿ ಕೂತವರು ಜಾರಿ ಬಾಗಿಲಿಗೆ ಬಡಿಯುತ್ತಾರೆ. ಸ್ಟೀರಿಂಗಿಗೆ, ಪೆಡಲಿಗೆ ತಾಗಿಸಲೇಬೇಡಿ.

ಮೊದಲು ಹಿಂದಿನ ಸೀಟಿನ ಕೆಳಭಾಗದಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ ಒಂದು ಅಂಗೈಯಗಲ ಜಾಗದಲ್ಲಿ ಪ್ರಯತ್ನಿಸಿರಿ. ಒಂದು ಬಕೆಟ್ ಉಗುರುಬೆಚ್ಚಗಿನ ನೀರಿಗೆ ಎರಡು ಚಮಚ ಪಾತ್ರೆ ತೊಳೆಯುವ ದ್ರವ ಅಥವಾ ಮಕ್ಕಳ ಶಾಂಪೂ ಸಾಕು. ಬಟ್ಟೆ ಒಗೆಯುವ ಪುಡಿ ಬೇಡ, ಅದರ ಖಾರ ಹೆಚ್ಚು. ಬಟ್ಟೆಯನ್ನು ಅದ್ದಿ, ಚೆನ್ನಾಗಿ ಹಿಂಡಿ, ಒರೆಸಿರಿ. ಗೆರೆಯೊಳಗಿನ ಕೊಳೆಗೆ ಹಳೆಯ ಮೆತ್ತನೆಯ ಹಲ್ಲುಜ್ಜುವ ಬ್ರಷ್ಷನ್ನು ಗೆರೆಯ ದಿಕ್ಕಿನಲ್ಲೇ ಆಡಿಸಿರಿ. ನೀರನ್ನು ಸುರಿಯಲೇಬಾರದು, ಏಕೆಂದರೆ ಅದು ಹೊಲಿಗೆಯ ತೂತಿನಿಂದ ಇಳಿದು ದಾರವನ್ನು ಕೊಳೆಸುತ್ತದೆ, ಒಳಗಿನ ಸ್ಪ್ರಿಂಗಿಗೆ ತುಕ್ಕು ಹಿಡಿಸುತ್ತದೆ. ಈ ಒಂದು ತಪ್ಪಿನಿಂದ ಹಾಳಾದ ಸೀಟುಗಳನ್ನು ಬಿಚ್ಚಿ ಬಿಚ್ಚಿ ನನಗೆ ಸಾಕಾಗಿದೆ. ಒರೆಸಿದ ಕೂಡಲೇ ಬೇರೆ ಬಟ್ಟೆಯಲ್ಲಿ ಬರೀ ನೀರಿನಿಂದ ಎರಡು ಸಲ ಒರೆಸಿ, ಒಣಬಟ್ಟೆಯಿಂದ ಒತ್ತಿ ತೇವ ತೆಗೆಯಿರಿ.

ಬಟ್ಟೆಗೆ ಹಳದಿ-ಕಂದು ಜಿಡ್ಡು ಬಂದು ಸೀಟು ನಯವಾದರೆ ಅದು ಬರಿಯ ಕೊಳೆ ಮತ್ತು ಎಣ್ಣೆ. ಬಟ್ಟೆಗೆ ಸೀಟಿನ ಬಣ್ಣವೇ ಬರತೊಡಗಿದರೆ ಕೈ ನಿಲ್ಲಿಸಿ. ಸ್ವಚ್ಛವಾಗಿ ಒಣಗಿದ ಸೀಟು ನೆರಳಿನಲ್ಲಿದ್ದೂ ವಾರದೊಳಗೆ ಮತ್ತೆ ಜಿಗುಟಾದರೆ ಮಾತ್ರ ಮೇಷ್ಟ್ರು ಹೇಳಿದ ಒಳಗಿನ ಎಣ್ಣೆ ಎಂದು ತಿಳಿಯಿರಿ.

ಚಳ್ಳಕೆರೆ ಎಣ್ಣೆಮಿಲ್ಲು
ಶೇಂಗಾ ಎಣ್ಣೆಯ ಡಬ್ಬಿ ಉರುಳಿ ಸೀಟಿನ ಮೇಲೆ ಚೆಲ್ಲಿದ್ದಕ್ಕೂ ಇದೇ ವಿಧಾನ ನಡೆಯುತ್ತದೆ. ಮೊದಲು ಮೆಕ್ಕೆಜೋಳದ ಹಿಟ್ಟನ್ನು ಉದುರಿಸಿ, ಅರ್ಧ ಗಂಟೆ ಬಿಟ್ಟು, ಗುಡಿಸಿ ತೆಗೆದ ಮೇಲೆ ಸೋಪಿನ ನೀರು ಮುಟ್ಟಿಸಬೇಕು. ನಮ್ಮೂರಿನಲ್ಲಿ ಈ ಅನುಭವ ಇಲ್ಲದ ವಾಹನವೇ ಅಪರೂಪ. ನನ್ನದೊಂದು ತಿದ್ದುಪಡಿ ಇದೆ: ಕೊನೆಯಲ್ಲಿ ಒರೆಸುವ ನೀರು ಬೋರಿನದಾಗಬಾರದು. ನಮ್ಮ ಕಡೆಯ ಗಡಸು ನೀರು ಒಣಗಿದರೆ ಕಪ್ಪು ರೆಕ್ಸಿನ್ನಿನ ಮೇಲೆ ಬಿಳಿ ಪೊರೆ ಬಿಡುತ್ತದೆ, ಜನ ಅದನ್ನು ಬೂಷ್ಟು ಎಂದು ತಿಳಿದು ಮತ್ತೆ ಏನೇನನ್ನೋ ಹಚ್ಚುತ್ತಾರೆ. ಮನೆಯ ಫಿಲ್ಟರ್ ನೀರು ಒಂದು ಚೊಂಬು ಸಾಕು.

ಕುಶನ್ ಕೆಲಸದವ
ಒಪ್ಪಿದೆ, ಇದನ್ನು ನಾನೇ ಹೇಳಬೇಕಿತ್ತು.

ಹದಡಿ ರಸ್ತೆ ಹುಡುಗ
ಆನ್‌ಲೈನಿನಲ್ಲಿ ಸಿಗುವ ಬಿಳಿ "ಮ್ಯಾಜಿಕ್ ಸ್ಪಂಜ್" ಒಂದೇ ಉಜ್ಜಿಗೆ ಎಲ್ಲ ತೆಗೆಯುತ್ತದೆ, ಸೋಪಿಗಿಂತ ಬೇಗ.

ಕುಶನ್ ಕೆಲಸದವ
ಅದು ಮೆಲಮೈನ್ ಸ್ಪಂಜು, ಮೆತ್ತಗೆ ಕಾಣುವ ಉಪ್ಪುಕಾಗದ ಎಂದುಕೊಳ್ಳಿ. ಕೊಳೆಯ ಜೊತೆ ರೆಕ್ಸಿನ್ನಿನ ಮೇಲಿನ ರಕ್ಷಣೆಯ ತೆಳುಲೇಪವನ್ನೂ ಉಜ್ಜಿ ತೆಗೆಯುತ್ತದೆ. ಆಮೇಲೆ ಕೊಳೆ ಹಿಡಿಯುವ ವೇಗ ಇಮ್ಮಡಿಯಾಗುತ್ತದೆ.

ಜೋಗಿಮಟ್ಟಿ ಗಾಳಿ (ಚಿತ್ರದುರ್ಗ)
ತೊಳೆಯುವುದರ ಬಗ್ಗೆ ಇಷ್ಟೆಲ್ಲ ಮಾತಾಯಿತು, ನೆರಳಿನ ಬಗ್ಗೆ ಯಾರೂ ವಿವರವಾಗಿ ಬರೆಯಲಿಲ್ಲ. ಪಕ್ಕದ ಗಾಜುಗಳಿಗೆ ಕಪ್ಪು ಫಿಲಂ ಹಾಕಿಸಿದರೆ ಬಿಸಿಲಿನ ಕಾಟವೇ ಇರುವುದಿಲ್ಲವಲ್ಲ?

ಪಿ.ಬಿ. ರಸ್ತೆಯ ಸವಾರ
ಕಾರಿನ ಗಾಜಿಗೆ ಕಪ್ಪು ಫಿಲಂ ಅಂಟಿಸುವುದನ್ನು ಸುಪ್ರೀಂ ಕೋರ್ಟ್ 2012ರಲ್ಲೇ ನಿಷೇಧಿಸಿದೆ. ಸೀಟಿಗೆ ಉಳಿಸಿದ ಹಣವನ್ನು ಪೊಲೀಸರಿಗೆ ಕಟ್ಟಬೇಕಾದೀತು. ಈ ವಿಷಯದಲ್ಲಾದರೂ ನನ್ನ ಮಾತನ್ನು ಯಾರೂ ತಿದ್ದುವುದಿಲ್ಲ ಎಂದು ನಂಬಿದ್ದೇನೆ.

ರಸಾಯನದ ಮೇಷ್ಟ್ರು
ತಿದ್ದುವುದಿಲ್ಲ, ಸೇರಿಸುತ್ತೇನೆ. ಎರಡು ಗಾಜಿನ ನಡುವೆ ಪದರವಿರುವ ಲ್ಯಾಮಿನೇಟೆಡ್ ಮುಂಗಾಜು ಅತಿನೇರಳೆ ಕಿರಣಗಳಲ್ಲಿ ಬಹುಪಾಲನ್ನು ತಡೆಯುತ್ತದೆ, ಪಕ್ಕದ ಸಾದಾ ಗಾಜು ಅಷ್ಟು ತಡೆಯುವುದಿಲ್ಲ. ಒಂದೇ ಮಗ್ಗುಲಿಗೆ ಬಿಸಿಲು ಬೀಳುವಂತೆ ಕಾರು ನಿಲ್ಲಿಸುವವರು ಆ ಕಡೆಯ ಬಾಗಿಲಿನ ಪ್ಯಾಡನ್ನು ಇನ್ನೊಂದು ಕಡೆಯದರ ಜೊತೆ ಹೋಲಿಸಿ ನೋಡಲಿ. ನಿಲ್ಲಿಸಿದಾಗ ಒಳಗಿನಿಂದ ಬಟ್ಟೆಯ ಪರದೆ ಇಟ್ಟು, ಗಾಜನ್ನು ಒಂದು ಬೆರಳಿನಷ್ಟು ಇಳಿಸಿದರೂ ಸಾಕಷ್ಟು ವ್ಯತ್ಯಾಸವಾಗುತ್ತದೆ. ಕಾರಿಗೆ ಹೊದಿಸುವ ಕವರು ಗಾಳಿಯಾಡುವ ಬಟ್ಟೆಯದಾಗಿರಲಿ. ಪ್ಲಾಸ್ಟಿಕ್ಕಿನ ಕವರಿನೊಳಗೆ ಮಳೆಗಾಲದ ತೇವ ಸೇರಿದರೆ ಶಿಲೀಂಧ್ರ ಬೆಳೆಯುತ್ತದೆ, ಕೆಲವು ಶಿಲೀಂಧ್ರಗಳು ಆ ಮೃದುಕಾರಕವನ್ನೇ ತಿಂದು ಬದುಕುತ್ತವೆ.

ಬೆಣ್ಣೆದೋಸೆ ಪ್ರಿಯ
ರೆಕ್ಸಿನ್ನಿಗೆ ಆಹಾರ ಕೊಡಲಾಗದು ಎಂದಿರಿ, ಈಗ ರೆಕ್ಸಿನ್ನೇ ಆಹಾರ ಎನ್ನುತ್ತಿದ್ದೀರಿ.

ದುರ್ಗದ ಪದ್ಮಿನಿ (ಮೂರು ವಾರಗಳ ನಂತರ)
ಎಲ್ಲರಿಗೂ ಋಣಿ. ಹೇಳಿದ ಕ್ರಮದಲ್ಲೇ ಎರಡು ಭಾನುವಾರ ಕುಳಿತು ಮಾಡಿದೆ. ಮೊದಲ ಬಕೆಟ್ಟಿನ ನೀರು ಚಹಾದ ಡಿಕಾಕ್ಷನ್ನಿನಂತಾಯಿತು, ನಾಲ್ಕನೆಯದರ ಹೊತ್ತಿಗೆ ತಿಳಿಯಾಯಿತು. ಪಾಲಿಶ್ ಒಂದೇ ಸಲಕ್ಕೆ ಬಿಡಲಿಲ್ಲ. ಮೇಷ್ಟ್ರನ್ನು ಖಾಸಗಿಯಾಗಿ ಕೇಳಿ, ಐಸೊಪ್ರೊಪೈಲ್ ಆಲ್ಕೋಹಾಲಿಗೆ ಸಮಪಾಲು ನೀರು ಬೆರೆಸಿ, ಬಟ್ಟೆಯನ್ನು ತೇವ ಮಾತ್ರ ಮಾಡಿಕೊಂಡು ಒಂದೊಂದು ಜಾಗವನ್ನು ಒಮ್ಮೆ ಮಾತ್ರ ಒರೆಸಿ, ತಕ್ಷಣ ಸೋಪಿನ ನೀರು ಮತ್ತು ಫಿಲ್ಟರ್ ನೀರಿನಿಂದ ಒರೆಸಿದೆ. ಆಮೇಲೆ ಏನನ್ನೂ ಹಚ್ಚಿಲ್ಲ. ಹದಿನೈದು ದಿನವಾಯಿತು, ಸೀಟು ಮತ್ತು ಮೂರು ಬಾಗಿಲಿನ ಪ್ಯಾಡುಗಳು ಒಣಗಿ ನಯವಾಗಿವೆ. ಹೊಳಪಿಲ್ಲ, ತಂದೆಯವರ ಕಾಲದಲ್ಲೂ ಇದಕ್ಕೆ ಹೊಳಪಿರಲಿಲ್ಲ ಎಂದು ತಾಯಿ ಹೇಳಿದರು. ಅಲ್ಲಿಗೆ ಕುಶನ್ ಕೆಲಸದವರ ಅಂದಾಜು ನಿಜವಾಯಿತು, ನಾನೇ ಹಚ್ಚಿದ್ದನ್ನು ನಾನೇ ತೊಳೆದೆ.

ಡ್ರೈವರ್ ಕಡೆಯ ಬಾಗಿಲಿನ ಪ್ಯಾಡು ಮತ್ತು ಎರಡೂ ಸನ್‌ವೈಸರ್‌ಗಳು ಮಾತ್ರ ಐದನೆಯ ದಿನಕ್ಕೇ ಮತ್ತೆ ಜಿಗುಟಾದವು. ಅತ್ತೆಯವರು ಮೊನ್ನೆ ಕಾರಿನಲ್ಲಿ ಕುಳಿತರು, ಟವೆಲ್ ಹಾಸಿಕೊಂಡು.

ಕುಂದವಾಡ ಕೆರೆ ಏರಿ
ಬಿಳಿ ಟವೆಲ್ ತಾನೇ? ಬಣ್ಣ ಬಿಡುವ ಬಟ್ಟೆಯಾದರೆ ಆ ಬಣ್ಣ ರೆಕ್ಸಿನ್ನಿಗೆ ಇಳಿಯುತ್ತದೆ. ನಮ್ಮ ಮಗನ ಹೊಸ ಜೀನ್ಸ್ ಪ್ಯಾಂಟಿನಿಂದ ಅಂಬಾಸಿಡರಿನ ಮುಂದಿನ ಸೀಟು ಇಂದಿಗೂ ನೀಲಿಯಾಗಿದೆ.

ಕುಶನ್ ಕೆಲಸದವ
ಪದ್ಮಿನಿಯವರೇ, ಐದು ದಿನಕ್ಕೆ ಮರಳಿ ಬಂದರೆ ಅದು ಒಳಗಿನ ಎಣ್ಣೆಯೇ. ಬಾಗಿಲಿನ ಪ್ಯಾಡನ್ನು ತಿಂಗಳಿಗೊಮ್ಮೆ ಒರೆಸಿಕೊಂಡು ಇನ್ನೂ ಒಂದೆರಡು ಬೇಸಿಗೆ ತಳ್ಳಬಹುದು. ಸನ್‌ವೈಸರ್‌ಗಳಿಗೆ ಹೊಸ ರೆಕ್ಸಿನ್ ಹೊದಿಸುವುದೇ ಸರಿ. ಎರಡಕ್ಕೂ ಸೇರಿ ಅರ್ಧ ಮೀಟರ್ ಸಾಕು, ಹೊಲಿಗೆಯನ್ನು ಹಳೆಯ ತೂತುಗಳ ಅಳತೆಯಲ್ಲೇ ಹಾಕಿಕೊಡುತ್ತೇನೆ. ನನ್ನ ಅಟ್ಟದ ಮೇಲೆ ಸುರುಳಿ ಸುತ್ತಿದ ಹಳೆಯ ಕಂದು ತುಂಡೊಂದಿದೆ, ಬಿಸಿಲು ಕಂಡಿಲ್ಲ, ಇನ್ನೂ ಮೆತ್ತಗಿದೆ. ಅದರ ಗೆರೆ ಸಣ್ಣದು, ಅಕ್ಕಿಕಾಳಿನ ಹಾಗೆ. ನಿಮ್ಮದು ಹೇಗಿದೆ?

ದುರ್ಗದ ಪದ್ಮಿನಿ
ಸೀಟಿನದು ಉದ್ದಗೆರೆ, ಸನ್‌ವೈಸರಿನದು ಅಕ್ಕಿಕಾಳೇ. ಶನಿವಾರ ಬೆಳಿಗ್ಗೆ ಕಳಚಿಕೊಂಡು ಬರುತ್ತೇನೆ. ಆ ತುಂಡನ್ನು ದಯವಿಟ್ಟು ಬೇರೆ ಯಾರಿಗೂ ಕೊಡಬೇಡಿ.